ಗಣಿ ಊರಿನ ಹಳೆಯ ಮನೆ: ಪಾಯ ಕೆಟ್ಟಿರುವುದು ನೆಲದಡಿಯ ಅಗೆತದಿಂದಲೇ ಎಂದು ಪತ್ತೆ ಹಚ್ಚುವ ಬಗೆ

ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಊರ್ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಭಾಗಗಳಲ್ಲಿ ಹಳೆಯ ಮನೆಯ ಗೋಡೆ ಸೀಳಿದರೆ ಮೊದಲು ಕೇಳಿಬರುವ ಮಾತು ‘ಕೆಳಗೆಲ್ಲ ಟೊಳ್ಳು’ ಎಂಬುದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಕೆಲಸ ಹಿಡಿದಂದಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚುವವರೆಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಬಂಡೆ ಕೊರೆದ ಊರಿನಲ್ಲಿ ಈ ಅನುಮಾನ ಹುಟ್ಟದಿದ್ದರೇ ಆಶ್ಚರ್ಯ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿರುವುದರಿಂದ ಅಲ್ಲಿನವರ ಅನುಮಾನ ಇನ್ನೂ ಬಲವಾಗಿರುತ್ತದೆ. ಆದರೆ ಇದೇ ಊರುಗಳಲ್ಲಿ ಒಡೆದ ಚರಂಡಿ, ಅರಳಿ ಮರದ ಬೇರು, ಎರೆಮಣ್ಣು, ಹಳೆಯ ಗೋಡೆಯ ಮೇಲೆ ಏರಿಸಿದ ಹೊಸ ತಾರಸಿ ಇವೂ ಮನೆಗಳನ್ನು ಸೀಳುತ್ತಿವೆ. ಕಾರಣ ತಪ್ಪಾಗಿ ತಿಳಿದರೆ ರಿಪೇರಿಯೂ ತಪ್ಪುತ್ತದೆ, ಪರಿಹಾರದ ಅರ್ಜಿಯೂ ಬಿದ್ದುಹೋಗುತ್ತದೆ.

ಬಿರುಕಿನ ಆಕಾರ ನೋಡಿದ ಮಾತ್ರಕ್ಕೆ ಗಣಿಯೇ ಕಾರಣವೆಂದು ಯಾರೂ ಹೇಳಲಾರರು, ಹೇಳಲೂಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿರುಕು ಹುಟ್ಟಿದ ಕಾಲ, ಅದು ಬೆಳೆಯುವ ರೀತಿ, ಅಕ್ಕಪಕ್ಕದ ಮನೆಗಳ ಸ್ಥಿತಿ, ನೆಲದಡಿಯ ನಕ್ಷೆ, ಈ ನಾಲ್ಕೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಆ ತೀರ್ಮಾನಕ್ಕೆ ಬಲ ಬರುತ್ತದೆ. ಕಲ್ಲು ಅಥವಾ ಇಟ್ಟಿಗೆಯನ್ನು ಮಣ್ಣಿನಲ್ಲಿ ಇಲ್ಲವೇ ಸುಣ್ಣದ ಗಾರೆಯಲ್ಲಿ ಕಟ್ಟಿದ, ಕಾಂಕ್ರೀಟ್ ಕಂಬಗಳಿಲ್ಲದೆ ಗೋಡೆಯೇ ಭಾರ ಹೊರುವ ಹಳೆಯ ಮನೆಗಳಿಗೆ ಮುಂದಿನ ವಿವರಣೆ ಅನ್ವಯಿಸುತ್ತದೆ.

ಪರೀಕ್ಷೆಗೆ ಮುನ್ನ: ಕೂಡಲೇ ಮನೆ ಬಿಡಬೇಕಾದ ಲಕ್ಷಣಗಳು

ಅಂಗಳದಲ್ಲಿ, ಹಿತ್ತಲಲ್ಲಿ ಅಥವಾ ನಡುಮನೆಯಲ್ಲಿ ನೆಲ ದುಂಡಾಗಿ ತಗ್ಗಿದ್ದರೆ, ಹೊಸ ಹೊಂಡ ಬಿದ್ದಿದ್ದರೆ, ಸುರಿದ ನೀರು ಸುಳಿಯಾಗಿ ಒಳಗಿಳಿದು ಮಾಯವಾಗುತ್ತಿದ್ದರೆ, ಅಥವಾ ನೆಲದ ಸಣ್ಣ ಸೀಳಿನಿಂದ ಗಾಳಿ ಹೊರಬರುತ್ತಿದ್ದರೆ ಅಳತೆಗೆಂದು ಅಲ್ಲಿ ನಿಲ್ಲಬಾರದು. ಗೋಡೆ ಹೊರಕ್ಕೆ ಉಬ್ಬಿರುವುದು, ತೊಲೆಯ ತುದಿ ಗೋಡೆಯ ಆಸರೆಯಿಂದ ಜಾರಿರುವುದು, ಬಾಗಿಲ ಮೇಲಿನ ಕಲ್ಲು ನಡುವೆ ಒಡೆದಿರುವುದು, ಒಂದೇ ದಿನದಲ್ಲಿ ಬಿರುಕು ಕಣ್ಣಿಗೆ ಕಾಣುವಷ್ಟು ಅಗಲವಾಗಿರುವುದು ಇವೂ ಅಷ್ಟೇ ಗಂಭೀರವಾದವು. ಮನೆಯವರೆಲ್ಲ ಹೊರಬರಬೇಕು. ಕೈಗೆಟುಕುವಂತಿದ್ದರೆ ಮಾತ್ರ ಅಡುಗೆ ಅನಿಲದ ಸಿಲಿಂಡರನ್ನೂ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನೂ ಬಂದ್ ಮಾಡಬೇಕು. ಬಳಿಕ 112ಕ್ಕೆ ಕರೆ ಮಾಡಿ, ತಹಶೀಲ್ದಾರರ ಕಚೇರಿಗೂ ತಿಳಿಸಬೇಕು.

ಹೊಂಡದ ಅಂಚಿಗೆ ಹೋಗಿ ಇಣುಕುವುದು, ಆಳ ನೋಡಲೆಂದು ಹಗ್ಗ ಕಟ್ಟಿ ಯಾರನ್ನಾದರೂ ಇಳಿಸುವುದು, ಬೆಂಕಿ ಹಚ್ಚಿದ ಬಟ್ಟೆ ಎಸೆಯುವುದು, ಇವು ಪ್ರಾಣಕ್ಕೆ ಕುತ್ತು ತರುತ್ತವೆ. ಹಳೆಯ ಶಾಫ್ಟ್‌ನ (ಗಣಿಯೊಳಗೆ ಇಳಿಯಲು ತೋಡಿದ ಬಾವಿಯ) ಬಾಯಿ ಮೇಲೆ ಕಿರಿದಾಗಿ ಕಂಡರೂ ಕೆಳಗೆ ಅಗಲವಾಗಿರಬಹುದು, ಅದರ ಅಂಚು ಬರಿಯ ಬೇರಿನ ಬಲದಲ್ಲಿ ನಿಂತಿರಬಹುದು. ಮುಚ್ಚಿದ ಅಗೆತಗಳಲ್ಲಿ ನಿಂತ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಿದ್ದು, ವಾಸನೆಯ ಮುನ್ಸೂಚನೆಯೇ ಇಲ್ಲದೆ ಒಳಗಿಳಿದವರು ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಹೊಂಡಕ್ಕೆ ಒಂದು ಲೋಡು ಮಣ್ಣು ಸುರಿದು ಮುಚ್ಚಿಬಿಡುವುದೂ ಸರಿಯಲ್ಲ. ಆ ಮಣ್ಣು ಮುಂದಿನ ಮಳೆಗಾಲದಲ್ಲಿ ಮತ್ತೆ ಇಳಿದುಹೋಗುತ್ತದೆ, ಅಷ್ಟರೊಳಗೆ ಹೊಂಡ ಎಲ್ಲಿತ್ತೆಂಬುದನ್ನೇ ಜನ ಮರೆತಿರುತ್ತಾರೆ.

ಗಣಿ ನೆಲವನ್ನು ಕೆಡಿಸುವ ಬಗೆಗಳು

ಗಣಿಗಾರಿಕೆಯ ಹಾನಿಯೆಂದರೆ ಎಲ್ಲ ಕಡೆಯೂ ಒಂದೇ ರೀತಿಯದಲ್ಲ. ಜಾರ್ಖಂಡದ ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಪ್ರದೇಶಗಳಲ್ಲಿ ಕಲ್ಲಿದ್ದಲಿನ ಪದರ ಬಹುಮಟ್ಟಿಗೆ ಮಟ್ಟಸವಾಗಿ ಹರಡಿಕೊಂಡಿರುವುದರಿಂದ, ಅದನ್ನು ತೆಗೆದಾಗ ಮೇಲಿನ ನೆಲ ವಿಶಾಲವಾದ ತಟ್ಟೆಯಂತೆ ತಗ್ಗುತ್ತದೆ. ತಗ್ಗಿನ ಅಂಚಿನಲ್ಲಿರುವ ಮನೆಗಳು ಎಳೆತಕ್ಕೆ ಸಿಕ್ಕಿ ಸೀಳುತ್ತವೆ, ನಡುವಿನ ಮನೆಗಳು ಒತ್ತಡಕ್ಕೆ ಸಿಕ್ಕಿ ಅವುಗಳ ನೆಲಹಾಸು ಮೇಲೇಳುತ್ತದೆ. ಅಂತಹ ಕಡೆ ಅಗೆತದ ನೇರ ಮೇಲಿರದೆ ಪಕ್ಕದಲ್ಲಿರುವ ಮನೆಗೂ ಹಾನಿ ತಲುಪುತ್ತದೆ.

ಕೆಜಿಎಫ್‌ನ ಚಿನ್ನದ ರೀಫ್, ಎಂದರೆ ಚಿನ್ನದ ಅದಿರಿನ ಪದರ, ಹಾಗಲ್ಲ. ಅದು ಉತ್ತರ ದಕ್ಷಿಣವಾಗಿ ಸಾಗುವ, ಪಶ್ಚಿಮಕ್ಕೆ ಇಳಿಜಾರಾಗಿ ಆಳಕ್ಕಿಳಿಯುವ ಕಿರಿದಾದ ಪಟ್ಟಿ. ಸುತ್ತಲಿನದು ಗಟ್ಟಿ ಬಂಡೆ. ಸಾವಿರಾರು ಅಡಿ ಆಳದಲ್ಲಿರುವ ಕಿರಿದಾದ ಟೊಳ್ಳು ತಾನಾಗಿ ಮೇಲಿನ ಮನೆಯನ್ನು ಕುಸಿಯುವಂತೆ ಮಾಡುವ ಸಂಭವ ಕಡಿಮೆ. ‘ಮೂರು ಕಿಲೋಮೀಟರ್ ಆಳ’ ಎಂಬ ಮಾತು ಹೆದರಿಕೆ ಹುಟ್ಟಿಸುವುದಾದರೂ, ಮನೆಗೆ ನಿಜವಾದ ಅಪಾಯ ಮೊದಲ ಕೆಲವು ಹತ್ತು ಮೀಟರುಗಳಲ್ಲಿದೆ. ರೀಫ್ ಮೇಲ್ಮೈಗೆ ತಲುಪುವ ಗೆರೆಯ ಮೇಲೆ ಆರಂಭದ ದಿನಗಳಲ್ಲಿ ಅಗೆದ ಸ್ಟೋಪ್‌ಗಳು (ಅದಿರು ತೆಗೆದ ಟೊಳ್ಳುಗಳು), ಅದಕ್ಕೂ ಹಿಂದಿನ ಪ್ರಾಚೀನ ಅಗೆತಗಳು, ಮರದ ಹಲಗೆ ಹಾಸಿ ಮಣ್ಣು ಮುಚ್ಚಿದ ಹಳೆಯ ಶಾಫ್ಟ್ ಬಾಯಿಗಳು ಆ ಪದರದಲ್ಲಿವೆ. ಹಟ್ಟಿಯಲ್ಲಿಯೂ ಆಧುನಿಕ ಗಣಿಗಾರಿಕೆಗೆ ಬಹಳ ಹಿಂದಿನ ಅಗೆತಗಳಿವೆ, ಅವುಗಳಲ್ಲಿ ಎಲ್ಲವೂ ನಕ್ಷೆಯಲ್ಲಿಲ್ಲ.

ಎರಡನೆಯ ದಾರಿ ಕಂಪನ. ಆಳದ ಗಣಿಯಲ್ಲಿ ಬಂಡೆಯ ಮೇಲೆ ಕೂಡಿದ ಒತ್ತಡ ಒಮ್ಮೆಲೇ ಬಿಡುಗಡೆಯಾಗಿ ಬಂಡೆ ಸಿಡಿಯುವುದನ್ನು ಕೆಜಿಎಫ್‌ನ ಜನ ರಾಕ್ ಬರ್ಸ್ಟ್ ಎಂದೇ ಕರೆಯುತ್ತಾರೆ. ದೊಡ್ಡ ರಾಕ್ ಬರ್ಸ್ಟ್‌ಗಳು ಮೇಲಿನ ಕಟ್ಟಡಗಳಿಗೂ ಹಾನಿ ಮಾಡಿವೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲಿಯೇ ಆರಂಭವಾದುದಕ್ಕೆ ಇಂತಹ ಅನುಭವವೇ ಹಿನ್ನೆಲೆ. ಗಣಿ ಮುಚ್ಚಿ, ಪಂಪುಗಳು ನಿಂತು, ಅಗೆತಗಳಲ್ಲಿ ನೀರು ತುಂಬತೊಡಗಿದ ಮೇಲೂ ನೆಲದಡಿಯಲ್ಲಿ ಸಣ್ಣ ಕಂಪನಗಳು ದಾಖಲಾಗಿವೆ. ಹಟ್ಟಿಯಂತಹ ಚಾಲ್ತಿ ಗಣಿಯಲ್ಲಿ ಇದಕ್ಕೆ ಸಿಡಿಮದ್ದಿನ ಕಂಪನವೂ ಸೇರುತ್ತದೆ.

ಮೂರನೆಯದು ತುಂಬು ನೆಲ. ಗಣಿಯಿಂದ ಬಂದ ಕಲ್ಲುಚೂರನ್ನೋ, ಸೈನೈಡ್ ದಿಬ್ಬದ (ಚಿನ್ನ ಬೇರ್ಪಡಿಸಿ ಉಳಿದ ಅದಿರು ಪುಡಿಯ ರಾಶಿಯ) ನುಣುಪು ಮಣ್ಣನ್ನೋ ಹರಡಿ ಸಮತಟ್ಟು ಮಾಡಿದ ಜಾಗದಲ್ಲಿ ಕಟ್ಟಿದ ಮನೆ ತನ್ನ ಭಾರಕ್ಕೇ, ಮಳೆನೀರಿಗೇ ಕುಗ್ಗುತ್ತದೆ. ಇದು ಗಣಿಯ ಪರಿಣಾಮ ಹೌದು, ಆದರೆ ಟೊಳ್ಳಿನ ಕುಸಿತವಲ್ಲ. ಇದರ ರಿಪೇರಿಯ ದಾರಿಯೇ ಬೇರೆ.

ಲಕ್ಷಣ 1: ಗಿಲಾವಿನ ಮೇಲೆ ಕೂದಲೆಳೆಯಂತಹ ಗೆರೆಗಳು

ಜೇಡರ ಬಲೆಯಂತೆ ಹರಡಿದ, ಅಗಲ 1 ಮಿ.ಮೀ.ಗೂ ಕಡಿಮೆಯಿರುವ ಗೆರೆಗಳು ಬಹುತೇಕ ಗಿಲಾವಿನವೇ ಹೊರತು ಗೋಡೆಯವಲ್ಲ. ಸುಣ್ಣದ ಗೋಡೆಯ ಮೇಲೆ ಸಿಮೆಂಟಿನ ಗಿಲಾವು ಹಾಕಿದಲ್ಲಿ ಇವು ಸಾಮಾನ್ಯ. ಒಂದು ಅಂಗೈಯಗಲ ಗಿಲಾವು ಕೆತ್ತಿ ಒಳಗಿನ ಕಲ್ಲು ಅಥವಾ ಇಟ್ಟಿಗೆಯ ಸಂದಿ ಅಖಂಡವಾಗಿದೆಯೇ ಎಂದು ನೋಡಿದರೆ ಸಾಕು. ಅಖಂಡವಾಗಿದ್ದರೆ ಪಾಯದ ಚಿಂತೆ ಬಿಡಬಹುದು.

ಲಕ್ಷಣ 2: ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು

ಪಾಯ ಒಂದೆಡೆ ಇಳಿದಾಗ ಗೋಡೆ ತನ್ನ ದುರ್ಬಲ ಜಾಗದಲ್ಲಿ, ಎಂದರೆ ಕಿಟಕಿ ಬಾಗಿಲುಗಳ ಮೂಲೆಯಲ್ಲಿ, ಬಿಟ್ಟುಕೊಡುತ್ತದೆ. ಇಟ್ಟಿಗೆ ಗೋಡೆಯಲ್ಲಿ ಈ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಗಾರೆಯ ಸಂದಿಗಳಲ್ಲಿ ಏರುತ್ತದೆ. ಬಿರುಕು ಯಾವ ಕಡೆಗೆ ವಾಲುತ್ತ ಮೇಲೇರುತ್ತದೆಯೋ ಸಾಮಾನ್ಯವಾಗಿ ಆ ಕಡೆಯ ಪಾಯ ಇಳಿದಿರುತ್ತದೆ. ಮನೆಯ ಬಲ ಮೂಲೆ ಇಳಿದರೆ ಬಿರುಕು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಸಾಗುತ್ತದೆ. ಬಿರುಕು ಮೇಲ್ಗಡೆ ಹೆಚ್ಚು ಅಗಲವಾಗಿದ್ದರೆ ಮನೆಯ ತುದಿಗಳು ಇಳಿದು ನಡು ಎತ್ತರದಲ್ಲಿ ನಿಂತಿದೆಯೆಂದೂ, ಕೆಳಗಡೆ ಅಗಲವಾಗಿದ್ದರೆ ನಡು ತಗ್ಗಿದೆಯೆಂದೂ ಊಹಿಸಬಹುದು. ಗೋಡೆಯ ಎರಡೂ ಮುಖದಲ್ಲಿ ಬಿರುಕು ಕಾಣಿಸಿಕೊಂಡು, ಪ್ಲಿಂತ್‌ನ (ನೆಲದಿಂದ ಮೇಲೆ ಕಾಣುವ ಪಾಯದ ಕಟ್ಟೆಯ) ಕಲ್ಲಿನವರೆಗೂ ಇಳಿದಿದ್ದರೆ ಅದು ಪಾಯದಿಂದಲೇ ಬಂದಿರುವ ಸಂಭವ ಹೆಚ್ಚು. ಚಾವಣಿಯ ಕೆಳಗೆ ಅಡ್ಡಲಾಗಿ ಮಾತ್ರ ಸಾಗುವ ಬಿರುಕು ಬೇರೆಯೇ ಕಥೆ: ಮಂಗಳೂರು ಹೆಂಚಿನ ಮಾಡಿನ ಮರ ಸೋತು ಗೋಡೆಯನ್ನು ಹೊರಕ್ಕೆ ತಳ್ಳುತ್ತಿರಬಹುದು, ಅಥವಾ ತಾರಸಿ ಬಿಸಿಲಿಗೆ ಹಿಗ್ಗುತ್ತಿರಬಹುದು.

ಇಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗಳಿಗೆ ಹಣ ಬೇಕಿಲ್ಲ. ಇಳಿದ ಮೂಲೆಯ ಹೊರಗೆ ಏನಿದೆ ಎಂದು ನೋಡಬೇಕು: ಬಚ್ಚಲ ನೀರು ಹೋಗುವ ಮೋರಿ, ಶೌಚದ ಗುಂಡಿ, ನಲ್ಲಿಯ ಕೊಳವೆ, ಮಾಡಿನ ನೀರು ಸುರಿಯುವ ಜಾಗ, ದೊಡ್ಡ ಮರ, ನೆರೆಯವರು ಹೊಸ ಮನೆಗೆ ತೋಡಿದ ಪಾಯ. ರಾತ್ರಿ ಎಲ್ಲ ನಲ್ಲಿಗಳನ್ನೂ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿದರೆ ಸೋರಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ. ಮೋರಿಯ ಪರೀಕ್ಷೆಗೆ ಬಣ್ಣ ಕಲಸಿದ ನೀರು ಸಾಕು. ಇಂತಹ ಕಾರಣವೊಂದು ಸಿಕ್ಕರೆ ಅದನ್ನು ಸರಿಪಡಿಸಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಾಯ್ದು, ಬಿರುಕು ಬೆಳೆಯುವುದು ನಿಂತಿತೇ ಎಂದು ಗಮನಿಸಬೇಕು. ನೀರಿನ ಸೋರಿಕೆಯನ್ನು ಗಣಿ ಊರಿನಲ್ಲಿ ಅಲಕ್ಷಿಸಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಅಗೆತದ ಮೇಲೆ ತುಂಬಿದ ಸಡಿಲ ಮಣ್ಣನ್ನು ಕೊಚ್ಚಿ ಕೆಳಗೆ ಸಾಗಿಸುವುದು ಆ ನೀರೇ ಆದ್ದರಿಂದ, ಎರಡೂ ಕಾರಣಗಳು ಒಟ್ಟಿಗೆ ಇರಬಹುದು.

ಲಕ್ಷಣ 3: ಬೇಸಿಗೆಯಲ್ಲಿ ತೆರೆದು ಮಳೆಯಲ್ಲಿ ಮುಚ್ಚುವ ಬಿರುಕು

ಹೀಗೆ ಋತುವಿನ ಜೊತೆ ಹೋಗಿಬರುವ ಬಿರುಕು ಎರೆಮಣ್ಣಿನ ಕೆಲಸ. ಹಟ್ಟಿ ಇರುವ ಲಿಂಗಸುಗೂರು ಸೀಮೆಯ ಕಪ್ಪು ನೆಲ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗಣಿಯ ಟೊಳ್ಳು ಹೀಗೆ ವರ್ತಿಸುವುದಿಲ್ಲ. ಅದರಿಂದ ಇಳಿದ ನೆಲ ಮಳೆ ಬಂದಾಗ ಮೇಲೇಳುವುದಿಲ್ಲ. ಕೆಜಿಎಫ್‌ನ ಕೆಂಪು ನೆಲದಲ್ಲಿ ಈ ಆಟ ಬಹಳ ಕಡಿಮೆ.

ಲಕ್ಷಣ 4: ಬಾಗಿಲು ಕಚ್ಚುವುದು, ನೆಲ ಓರೆಯಾದಂತೆ ಅನಿಸುವುದು

ಮಳೆಗಾಲದಲ್ಲಿ ಮಾತ್ರ ಕಚ್ಚುವ ಒಂದು ಬಾಗಿಲು ಮರ ಉಬ್ಬಿದ್ದರ ಗುರುತು. ಒಂದೇ ಗೋಡೆಯ ಸಾಲಿನಲ್ಲಿರುವ ಎರಡು ಮೂರು ಬಾಗಿಲುಗಳು ವರ್ಷವಿಡೀ ಒಂದೇ ಮೂಲೆಯಲ್ಲಿ ಕಚ್ಚಿದರೆ ಚೌಕಟ್ಟುಗಳೇ ಸೊಟ್ಟಗಾಗಿವೆ ಎಂದರ್ಥ.

ತೂಗುಗುಂಡನ್ನು 3 ಮೀಟರ್ ಎತ್ತರದಿಂದ ಇಳಿಬಿಟ್ಟು ಗೋಡೆಗೂ ದಾರಕ್ಕೂ ಇರುವ ಅಂತರವನ್ನು ಮೇಲೆ ಮತ್ತು ಕೆಳಗೆ ಅಳೆಯಬೇಕು. ವ್ಯತ್ಯಾಸ 12 ಮಿ.ಮೀ. ಆಸುಪಾಸಿಗೆ ಬಂದರೆ ವಾಲುವಿಕೆ ಬರಿಗಣ್ಣಿಗೂ ಕಾಣತೊಡಗುತ್ತದೆ. ನೆಲದ ಮಟ್ಟಕ್ಕೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿದ ನೀರುಮಟ್ಟವೇ ಸಾಕು. ಆದರೆ ಹಳೆಯ ಮನೆಯ ನೆಲಹಾಸು ಕಟ್ಟಿದ ದಿನವೂ ನಿಖರವಾಗಿ ಮಟ್ಟಸವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಮೇಸ್ತ್ರಿ ಮಟ್ಟ ನೋಡಿ ಇಟ್ಟಿರಬಹುದಾದ ಪ್ಲಿಂತ್‌ನ ಕಲ್ಲಿನ ಸಾಲನ್ನೋ, ಕಿಟಕಿಗಳ ಕೆಳಗಿನ ಗೆರೆಯನ್ನೋ ಆರಿಸಿಕೊಂಡು ಮನೆಯ ಸುತ್ತ ಒಂದೊಂದು ಮೀಟರಿಗೆ ಅಳತೆ ಬರೆಯುವುದು ಮೇಲು. ಪಕ್ಕಪಕ್ಕದ ಎರಡು ಬಿಂದುಗಳ ನಡುವೆ 3 ಮೀಟರಿಗೆ 10 ಮಿ.ಮೀ.ನಷ್ಟು ಅಸಮ ಇಳಿತವಾದರೆ ಗೋಡೆಗಳು ಸೀಳತೊಡಗುತ್ತವೆ, ಅದರ ಇಮ್ಮಡಿಯಾದರೆ ಕಟ್ಟಡದ ಬಲಕ್ಕೇ ಧಕ್ಕೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ.

ಒಮ್ಮೆ ತೆಗೆದ ಅಳತೆಗಿಂತ ಕೆಲವು ತಿಂಗಳ ಬಳಿಕ ಅದೇ ಬಿಂದುಗಳಲ್ಲಿ ಮತ್ತೆ ತೆಗೆದ ಅಳತೆಯೇ ಮುಖ್ಯ. ಮೊದಲ ಅಳತೆ ಮನೆ ಹೇಗಿದೆ ಎಂದು ಹೇಳುತ್ತದೆ. ಎರಡನೆಯದು ಅದು ಈಗಲೂ ಚಲಿಸುತ್ತಿದೆಯೇ ಎಂದು ತೋರಿಸುತ್ತದೆ.

ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕಟ್ಟಿದ ಉದ್ದನೆಯ ಲೈನ್ ಮನೆಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ನೆಲ ಒಂದೊಂದು ಮೀಟರಿಗೆ 1 ಮಿ.ಮೀ. ಹಿಗ್ಗಿದರೆ 10 ಮೀಟರಿನ ಮನೆಯ ಪಾಲಿಗೆ ಬರುವುದು 10 ಮಿ.ಮೀ.; 50 ಮೀಟರಿನ ಸಾಲಿಗೆ 50 ಮಿ.ಮೀ. ಆ ಹಿಗ್ಗೆಲ್ಲ ಸಾಲಿನ ಒಂದೆರಡು ದುರ್ಬಲ ಜಾಗಗಳಲ್ಲಿ ದೊಡ್ಡ ಸೀಳಾಗಿ ಹೊರಬೀಳುತ್ತದೆ. ಆದ್ದರಿಂದ ನಡುವಿನ ಒಂದು ಮನೆಯಲ್ಲಿ ಮಾತ್ರ ಅಗಲವಾದ ಬಿರುಕಿದ್ದು ಉಳಿದವು ಚೆನ್ನಾಗಿ ಕಂಡರೂ, ತೊಂದರೆ ಆ ಒಂದು ಮನೆಯದು ಎಂದು ಭಾವಿಸದೆ ಇಡೀ ಸಾಲನ್ನು ಒಂದೇ ಕಟ್ಟಡವೆಂದು ಅಳೆಯಬೇಕು.

ಲಕ್ಷಣ 5: ಸದ್ದು, ನಡುಕದ ಬೆನ್ನಿಗೇ ಕಂಡ ಬಿರುಕು

ಹಟ್ಟಿಯಂತಹ ಕಡೆ ಸಿಡಿಮದ್ದಿನ ನಡುಕ ದಿನದ ಗೊತ್ತಾದ ಹೊತ್ತುಗಳಲ್ಲಿ ಬರುತ್ತದೆ. ರಾಕ್ ಬರ್ಸ್ಟ್‌ಗೆ ಹೊತ್ತುಗೊತ್ತಿಲ್ಲ. ನಡುಕ ಅನಿಸಿದಾಗಲೆಲ್ಲ ದಿನಾಂಕ, ಸಮಯ, ಪಾತ್ರೆ ಕಿಟಕಿಗಳು ಅಲುಗಿದ ರೀತಿ ಇವನ್ನು ಆಗಲೇ ಬರೆದಿಡಬೇಕು. ಮುಂದೆ ಕಂಪನಮಾಪಕದ ದಾಖಲೆಯೊಂದಿಗೆ ತಾಳೆ ನೋಡಲು ನಿಮಿಷದ ಲೆಕ್ಕವೂ ಬೇಕಾಗುತ್ತದೆ.

ಮೈಗೆ ತಿಳಿದ ನಡುಕವೆಲ್ಲ ಗೋಡೆಗೆ ಹಾನಿ ಮಾಡುವುದಿಲ್ಲ. ಸೆಕೆಂಡಿಗೆ 1 ಮಿ.ಮೀ. ವೇಗದ ಕಂಪನವೂ ಮನುಷ್ಯನಿಗೆ ಗೊತ್ತಾಗುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯು ಗಣಿ ಮಾಲೀಕರದಲ್ಲದ ವಾಸದ ಮನೆಗಳಿಗೆ ನಿಗದಿ ಮಾಡಿರುವ ಮಿತಿ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿ.ಮೀ., 8ರಿಂದ 25 ಹರ್ಟ್ಸ್‌ವರೆಗೆ 10 ಮಿ.ಮೀ., ಅದಕ್ಕೂ ಮೇಲೆ 15 ಮಿ.ಮೀ. ಚಾರಿತ್ರಿಕ ಮಹತ್ವದ ಮತ್ತು ಸೂಕ್ಷ್ಮ ಕಟ್ಟಡಗಳಿಗೆ ಈ ಮಿತಿ ಕ್ರಮವಾಗಿ 2, 5 ಮತ್ತು 10 ಮಿ.ಮೀ. ಮಣ್ಣಿನ ಗಾರೆಯ, ಈಗಾಗಲೇ ಬಿರುಕು ಬಿಟ್ಟ ಹಳೆಯ ಮನೆಗೆ ಸಾಮಾನ್ಯ ಮಿತಿಯನ್ನು ಅನ್ವಯಿಸಿ ‘ಎಲ್ಲ ಸರಿಯಿದೆ’ ಎಂದುಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಂತಹ ಮನೆಯನ್ನು ಸೂಕ್ಷ್ಮ ಕಟ್ಟಡವೆಂದು ಪರಿಗಣಿಸಿರೆಂದು ಲಿಖಿತವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಕಂಪನದ ಹಾನಿ ಪಾಯದ ಇಳಿತಕ್ಕಿಂತ ಬೇರೆಯಾಗಿ ಕಾಣುತ್ತದೆ. ಅದು ಗೋಡೆಯ ಮೇಲ್ಭಾಗದಲ್ಲಿ, ಗೋಡೆ ಗೋಡೆ ಸೇರುವ ಮೂಲೆಗಳಲ್ಲಿ, ಕಮಾನಿನ ನೆತ್ತಿಯಲ್ಲಿ, ಹಳೆಯ ಬಿರುಕುಗಳ ತುದಿಯಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ; ಕೆಲವೊಮ್ಮೆ ಗೋಡೆಯ ಮೇಲೆ ಗುಣಾಕಾರದ ಗುರುತಿನಂತೆ ಎರಡು ಓರೆ ಬಿರುಕುಗಳು ಅಡ್ಡಹಾಯುತ್ತವೆ. ನೀರುಮಟ್ಟದ ಅಳತೆಯಲ್ಲಿ ಪ್ಲಿಂತ್ ಮಾತ್ರ ಬದಲಾಗಿರುವುದಿಲ್ಲ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಗೆ ಕಲ್ಲಿನ ಅಥವಾ ಇಟ್ಟಿಗೆಯ ತಾಜಾ ಬಣ್ಣದಲ್ಲಿರುತ್ತದೆ. ಧೂಳು, ಜೇಡರ ಬಲೆ, ಹಳೆಯ ಸುಣ್ಣ ಒಳಸೇರಿರುವ ಬಿರುಕು ನಿನ್ನೆಯ ನಡುಕದ್ದಲ್ಲ. ನಡುಕದ ದಿನ ನಾವು ಗೋಡೆಗಳನ್ನು ಗಮನವಿಟ್ಟು ನೋಡುತ್ತೇವಾದ್ದರಿಂದ ಅದುವರೆಗೆ ಕಣ್ಣಿಗೆ ಬೀಳದಿದ್ದ ಹಳೆಯ ಬಿರುಕುಗಳೂ ಅಂದೇ ಕಾಣುತ್ತವೆ. ಇದನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿಕೊಳ್ಳದಿದ್ದರೆ ನಿಜವಾದ ಹಾನಿಯ ವಾದವೂ ಸೋಲುತ್ತದೆ.

ಬಿರುಕಿಗೆ ದಿನಚರಿ ಬರೆಯುವುದು

ಮೇಲಿನ ಯಾವ ಲಕ್ಷಣವಿದ್ದರೂ ಈ ಕೆಲಸವನ್ನು ಅಂದೇ ಶುರು ಮಾಡಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಬರೆಯಬೇಕು. ಬಿರುಕಿನ ಎಡಬಲಕ್ಕೆ ಒಂದೊಂದು ಸಣ್ಣ ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತಿಂಗಳಿಗೊಮ್ಮೆ ಅಳೆದರೆ 0.1 ಮಿ.ಮೀ.ನ ಬದಲಾವಣೆಯೂ ಸಿಗುತ್ತದೆ. ಒಂದು ಕಡೆ ಎರಡು ಸ್ಕ್ರೂ ಇಟ್ಟು ತ್ರಿಕೋನ ಮಾಡಿದರೆ ಗೋಡೆ ಇಳಿಯುತ್ತಿದೆಯೋ ಬರಿದೇ ಅಗಲುತ್ತಿದೆಯೋ ಎಂಬುದೂ ತಿಳಿಯುತ್ತದೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸುವುದು ಹಳೆಯ ಪದ್ಧತಿ. ಗಾಜು ಒಡೆದರೆ ಚಲನೆಯಾಗಿದೆ ಎಂಬುದಷ್ಟೇ ಗೊತ್ತಾಗುತ್ತದೆ, ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಪ್ರತಿ ಸಲವೂ ಅದೇ ಹೊತ್ತಿನಲ್ಲಿ, ಸಾಧ್ಯವಾದರೆ ಬಿಸಿಲೇರುವ ಮುನ್ನ ಅಳೆಯಬೇಕು. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ನಿಲ್ಲುವ ಜಾಗವೂ ಅದೇ ಆಗಿರಲಿ.

ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದಲ್ಲಿ 5 ಮಿ.ಮೀ.ವರೆಗಿನ ಬಿರುಕು ಸಣ್ಣದು, 5ರಿಂದ 15 ಮಧ್ಯಮ, 15ರಿಂದ 25 ತೀವ್ರ, 25ಕ್ಕೂ ಮೇಲೆ ಅತಿ ತೀವ್ರ. ಇದು ರಿಪೇರಿಯ ಕಷ್ಟವನ್ನು ಅಳೆಯಲು ಮಾಡಿದ ವರ್ಗೀಕರಣವೇ ಹೊರತು ಕಾರಣವನ್ನು ತೋರಿಸುವುದಲ್ಲ. ಐವತ್ತು ವರ್ಷದಿಂದ ಅಲುಗದೆ ನಿಂತಿರುವ 10 ಮಿ.ಮೀ. ಬಿರುಕಿಗಿಂತ ತಿಂಗಳಿಗೆ 1 ಮಿ.ಮೀ. ಬೆಳೆಯುತ್ತಿರುವ 3 ಮಿ.ಮೀ. ಬಿರುಕು ಹೆಚ್ಚು ಅಪಾಯಕಾರಿ. ಬೆಳವಣಿಗೆ ತಿಂಗಳಿಂದ ತಿಂಗಳಿಗೆ ಚುರುಕಾಗುತ್ತಿದ್ದರೆ ಕಾಯುವುದನ್ನು ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು.

ಲಕ್ಷಣ 6: ಹಲವು ಮನೆಗಳಲ್ಲಿ, ರಸ್ತೆಯಲ್ಲಿ ಒಂದೇ ಗೆರೆಯ ಹಾನಿ

ಗಣಿಯ ಕಡೆ ಬೆರಳು ತೋರಿಸುವ ಲಕ್ಷಣಗಳಲ್ಲಿ ಇದಕ್ಕಿಂತ ಬಲವಾದುದು ಇನ್ನೊಂದಿಲ್ಲ. ಸೋರುವ ಮೋರಿ ಒಂದು ಮನೆಯನ್ನು ಕೆಡಿಸುತ್ತದೆ. ರೀಫ್‌ನ ಮೇಲಿನ ಹಳೆಯ ಅಗೆತ ಮನೆ, ಕಾಂಪೌಂಡು, ಚರಂಡಿ, ರಸ್ತೆ ಯಾವುದನ್ನೂ ಬಿಡದೆ ತನ್ನದೇ ದಿಕ್ಕಿನಲ್ಲಿ ಸಾಗುತ್ತದೆ. ಕಾಗದದ ಮೇಲೆ ಬೀದಿಯ ಚಿತ್ರ ಬರೆದು, ನೆರೆಯವರ ಒಪ್ಪಿಗೆ ಪಡೆದು, ಪ್ರತಿ ಮನೆಯ ಬಿರುಕು, ವಾಲಿದ ಕಾಂಪೌಂಡು, ತಿರುಗಿ ಹರಿಯುವ ಚರಂಡಿ, ಬಿದ್ದ ಹೊಂಡ ಎಲ್ಲವನ್ನೂ ಗುರುತಿಸಬೇಕು. ಗುರುತುಗಳು ಒಂದು ಪಟ್ಟಿಯಾಗಿ ಸಾಲುಗೂಡಿದರೆ, ಕೆಜಿಎಫ್‌ನಲ್ಲಾದರೆ ಆ ಪಟ್ಟಿ ಉತ್ತರ ದಕ್ಷಿಣವಾಗಿದ್ದರೆ, ಮುಂದಿನ ಹಂತಕ್ಕೆ ಹೋಗಲು ಸಾಕಷ್ಟು ಆಧಾರವಿದೆ. ಸುತ್ತ ಯಾವ ಮನೆಗೂ ಏನೂ ಆಗದೆ ಒಂದೇ ಮನೆ ಸೀಳಿದ್ದರೆ, ಶಾಫ್ಟ್ ಬಾಯಿಯ ಸಾಧ್ಯತೆ ಇರುವ ಜಾಗವನ್ನು ಹೊರತುಪಡಿಸಿ, ಆ ಮನೆಯದೇ ಕಾರಣವನ್ನು ಇನ್ನೊಮ್ಮೆ ಹುಡುಕಬೇಕು.

ಈ ಹಂತದಲ್ಲಿ ಹಿರಿಯರ ನೆನಪು ದೊಡ್ಡ ಆಸ್ತಿ. ಯಾವ ಜಾಗದಲ್ಲಿ ಶಾಫ್ಟ್‌ನ ಕಬ್ಬಿಣದ ಗೋಪುರವಿತ್ತು, ಯಾವ ತಗ್ಗನ್ನು ಯಾವಾಗ ತುಂಬಿದರು, ಯಾವ ಬೇಲಿಯೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ ಎಂಬುದು ಗಣಿಯಲ್ಲಿ ದುಡಿದವರಿಗೆ ಇಂದಿಗೂ ನೆನಪಿರುತ್ತದೆ. ಕೆಜಿಎಫ್‌ನ ಲೈನುಗಳಲ್ಲಿ ಅಂತಹವರನ್ನು ತಮಿಳಿನಲ್ಲಿ ಮಾತನಾಡಿಸಬಲ್ಲವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಆ ತಲೆಮಾರು ಕರಗುತ್ತಿದೆ. ಅವರ ಮಾತನ್ನು ಈಗಲೇ ನಕ್ಷೆಯ ಮೇಲೆ ಗುರುತು ಮಾಡಿಡುವುದು ತುರ್ತಾಗಿ ಆಗಬೇಕಾದ ಕೆಲಸ.

ನಕ್ಷೆ ಪಡೆಯುವುದು

ಗಣಿಯನ್ನು ಮುಚ್ಚುವಾಗ ಅದರ ನಕ್ಷೆಗಳನ್ನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಒಪ್ಪಿಸಬೇಕೆಂಬುದು ನಿಯಮ. ನಿರ್ದೇಶನಾಲಯದ ಕೇಂದ್ರ ಕಚೇರಿ ಧನಬಾದ್‌ನಲ್ಲಿದೆ. ಗಣಿ ಸಂಸ್ಥೆಯ ಸರ್ವೆ ವಿಭಾಗ ಮತ್ತು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಗಳನ್ನೂ ಕೇಳಬಹುದು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವಾಗ ‘ನನ್ನ ಮನೆಯ ಕೆಳಗೆ ಗಣಿ ಇದೆಯೇ’ ಎಂದು ಕೇಳಿದರೆ ಉತ್ತರವೂ ಅಸ್ಪಷ್ಟವಾಗಿಯೇ ಬರುತ್ತದೆ. ಸರ್ವೆ ನಂಬರು, ಮನೆಯ ಅಕ್ಷಾಂಶ ರೇಖಾಂಶ ಕೊಟ್ಟು, ಆ ಬಿಂದುವಿನ ಸುತ್ತ 100 ಮೀಟರಿನೊಳಗೆ ಮೇಲ್ಮೈಯಿಂದ 50 ಮೀಟರ್ ಆಳದವರೆಗಿನ ಸ್ಟೋಪ್, ಶಾಫ್ಟ್, ಅಡಿಟ್‌ಗಳ (ಅಡ್ಡಲಾಗಿ ಒಳಹೋಗುವ ಸುರಂಗಗಳ) ನಕ್ಷೆ, ಅವನ್ನು ತುಂಬಿದ ವಿವರ, ಶಾಫ್ಟ್ ಬಾಯಿ ಮುಚ್ಚಿದ ಬಗೆ ಇಷ್ಟನ್ನು ಕೇಳಬೇಕು. ನಕ್ಷೆಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಕೆಳಗೆ ಏನೂ ಇಲ್ಲವೆಂದಲ್ಲ; ಪ್ರಾಚೀನ ಅಗೆತಗಳನ್ನು ಯಾರೂ ಅಳೆದು ಬರೆದಿರಲಿಲ್ಲ.

ಪಾಯವನ್ನು ಬಗೆದು ನೋಡುವುದು

ಬೇಸಿಗೆಯಲ್ಲಿ, ಗೋಡೆಯ ನಡುಭಾಗದಲ್ಲಿ, ಎರಡಡಿ ಚೌಕದ ಒಂದು ಗುಂಡಿ ತೋಡಿ ಪಾಯದ ತಳದವರೆಗೆ ಮಾತ್ರ ನೋಡಬಹುದು. ಮನೆಯ ಮೂಲೆಯಲ್ಲಿ ತೋಡಬಾರದು, ತಳಕ್ಕಿಂತ ಕೆಳಗೆ ಹೋಗಬಾರದು, ಒಂದು ದಿನಕ್ಕಿಂತ ಹೆಚ್ಚು ತೆರೆದಿಡಬಾರದು. ಪಾಯದ ಕಲ್ಲು ಒಡೆದಿದೆಯೇ, ಗಾರೆ ಪುಡಿಯಾಗಿದೆಯೇ, ಕಲ್ಲಿನ ಕೆಳಗೆ ಖಾಲಿ ಜಾಗವಿದೆಯೇ, ಮಣ್ಣು ಮೂಲದ್ದೋ ತುಂಬಿದ್ದೋ ಎಂದು ಗಮನಿಸಬೇಕು. ಇಟ್ಟಿಗೆ ಚೂರು, ಬೂದಿ, ಒಂದೇ ಗಾತ್ರದ ಕಲ್ಲುಚೂರು ಅಥವಾ ಬೂದುಬಣ್ಣದ ನುಣುಪು ಮಣ್ಣು ಕಂಡರೆ ಅದು ತುಂಬು ನೆಲ. ಅಂತಹ ಮಣ್ಣನ್ನು ಬರಿಗೈಯಲ್ಲಿ ಮುಟ್ಟದೆ, ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಧೂಳೇಳದಂತೆ ನೋಡಿಕೊಳ್ಳಬೇಕು. ಗುದ್ದಲಿಯ ಏಟಿಗೆ ನೆಲ ಟೊಳ್ಳಾಗಿ ಸದ್ದು ಮಾಡಿದರೆ ಅಲ್ಲಿಗೆ ಕೆಲಸ ನಿಲ್ಲಿಸಬೇಕು.

ತಜ್ಞರ ಪರೀಕ್ಷೆಗಳು

ಇಲ್ಲಿಂದ ಮುಂದೆ ಖರ್ಚಿನ ದಾರಿ. ಬೀದಿಯವರು ಸೇರಿ ಹೊರುವುದು ಲೇಸು. ನೆಲದೊಳಗೆ ರೇಡಿಯೊ ಅಲೆ ಕಳಿಸಿ ನೋಡುವ ರೇಡಾರ್ ಒಣ ಕೆಂಪು ನೆಲದಲ್ಲಿ ಕೆಲಸಕ್ಕೆ ಬರುತ್ತದೆ, ಹಸಿ ಎರೆಮಣ್ಣಿನಲ್ಲಿ ಅದರ ಅಲೆ ಆಳಕ್ಕಿಳಿಯುವುದಿಲ್ಲ. ಅಲ್ಲಿ ವಿದ್ಯುತ್ ರೋಧದ ಸಮೀಕ್ಷೆ ಮೇಲು. ಇವೆರಡೂ ಅನುಮಾನದ ಜಾಗವನ್ನು ತೋರಿಸುತ್ತವೆಯೇ ಹೊರತು ಟೊಳ್ಳನ್ನು ಸಾಬೀತು ಮಾಡುವುದಿಲ್ಲ. ಸಾಬೀತಿಗೆ ಕೊಳವೆ ಕೊರೆದೇ ನೋಡಬೇಕು. ಟೊಳ್ಳಿನ ಮೇಲೆ ಕೊರೆಯುವ ಯಂತ್ರ ನಿಲ್ಲಿಸುವುದೇ ಅಪಾಯವಾದ್ದರಿಂದ ಬೋರ್‌ವೆಲ್ ಲಾರಿಯವರನ್ನು ಕರೆಸಿ ಕೊರೆಸುವ ಸಾಹಸ ಬೇಡವೇ ಬೇಡ.

ಎಂಜಿನಿಯರರ ವರದಿಯಲ್ಲಿ ‘ಗಣಿಯಿಂದ ಹಾನಿಯಾಗಿರಬಹುದು’ ಎಂಬ ಒಂದು ಸಾಲಿದ್ದರೆ ಅದು ಪ್ರಯೋಜನಕ್ಕೆ ಬಾರದು. ಬೇರೆ ಯಾವ ಯಾವ ಕಾರಣಗಳನ್ನು ಪರೀಕ್ಷಿಸಿ ಕೈಬಿಡಲಾಯಿತು, ಚಲನೆ ನಿಂತಿದೆಯೇ ಮುಂದುವರಿದಿದೆಯೇ, ಮನೆಯಲ್ಲಿ ವಾಸ ಮುಂದುವರಿಸಬಹುದೇ ಎಂಬ ಮೂರಕ್ಕೂ ಸ್ಪಷ್ಟ ಉತ್ತರ ಬರೆದುಕೊಡುವಂತೆ ಕೆಲಸ ಒಪ್ಪಿಸುವಾಗಲೇ ಕೇಳಬೇಕು. ದೂರನ್ನು ಗಣಿ ಸಂಸ್ಥೆಗೆ, ಜಿಲ್ಲಾಧಿಕಾರಿಗೆ ಮತ್ತು ಗಣಿ ಸುರಕ್ಷತಾ ನಿರ್ದೇಶನಾಲಯಕ್ಕೆ ಒಟ್ಟಿಗೆ ಕೊಟ್ಟು, ಸ್ವೀಕೃತಿಯನ್ನು ಬಿರುಕಿನ ದಿನಚರಿಯ ಜೊತೆ ಇಟ್ಟುಕೊಳ್ಳಬೇಕು.

ರಿಪೇರಿ ಯಾವಾಗ, ಹೇಗೆ

ಚಲನೆ ನಿಲ್ಲದೆ ಬಿರುಕು ಮುಚ್ಚಿದರೆ ಸಾಕ್ಷಿಯೂ ಹೋಗುತ್ತದೆ, ಬಿರುಕೂ ಪಕ್ಕದಲ್ಲಿ ಮತ್ತೆ ತೆರೆಯುತ್ತದೆ. ತಾತ್ಕಾಲಿಕವಾಗಿ ಮಳೆನೀರು ಒಳಸೇರದಂತೆ ತಡೆದು, ಸೋತ ತೊಲೆ ಮತ್ತು ಬಾಗಿಲ ಮೇಲಿನ ಕಲ್ಲುಗಳಿಗೆ ಆಸರೆ ಕೊಟ್ಟರೆ ಸಾಕು. ಚಲನೆ ನಿಂತದ್ದು ಅಳತೆಯಿಂದ ಖಚಿತವಾದ ಮೇಲೆ ಸುಣ್ಣದ ಗೋಡೆಯನ್ನು ಸುಣ್ಣದ ಗಾರೆಯಿಂದಲೇ ತುಂಬಬೇಕು, ಒಡೆದ ಕಲ್ಲಿನ ಜಾಗದಲ್ಲಿ ಸೀಳಿನ ಎರಡೂ ಕಡೆಗೆ ಕಚ್ಚುವಂತೆ ಉದ್ದ ಕಲ್ಲು ಕೂರಿಸಬೇಕು. ಗಟ್ಟಿ ಸಿಮೆಂಟ್ ಹಾಕಿದರೆ ಮೆದು ಗೋಡೆ ಅದರ ಅಂಚಿನಲ್ಲಿ ಒಡೆಯುತ್ತದೆ.

ಪಾಯದ ಕೆಳಗೆ ಕಾಂಕ್ರೀಟ್ ತುಂಬಿ ಬಲಪಡಿಸುವ ಸಲಹೆಯನ್ನು ಗುತ್ತಿಗೆದಾರರು ಬೇಗನೆ ಕೊಡುತ್ತಾರೆ. ಮೋರಿಯ ನೀರಿನಿಂದ ಒಂದು ಮೂಲೆ ಇಳಿದಿದ್ದರೆ ಅದು ಸರಿಯಾದ ಸಲಹೆಯಾಗಬಹುದು. ಕೆಳಗೆ ಅಗೆತವಿದ್ದರೆ ಅದೇ ಕಾಂಕ್ರೀಟ್ ಟೊಳ್ಳಿನ ಮೇಲೆ ಹೇರಿದ ಹೆಚ್ಚುವರಿ ಭಾರವಾಗುತ್ತದೆ. ಮೊದಲು ಟೊಳ್ಳನ್ನು ತುಂಬಿಸಬೇಕು, ಅದು ಒಬ್ಬ ಮನೆಯವರಿಂದ ಆಗುವ ಕೆಲಸವಲ್ಲ. ನಕ್ಷೆಯೂ ಕೊರೆತದ ಫಲಿತಾಂಶವೂ ಕೈಗೆ ಬರುವ ಮುನ್ನ ಪಾಯಕ್ಕೆ ಕೈಹಾಕುವ ಯಾವ ಒಪ್ಪಂದಕ್ಕೂ ಸಹಿ ಮಾಡಬಾರದು.